ಹೊರಸು, ಹಗೇವು, ಚಕ್ಕಡಿ ಮತ್ತು ನಮ್ಮಪ್ಪನ ಫಿಯೆಟ್ ಕಾರು

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಎಲ್ಲ ನಿರ್ದೇಶಕರೂ ಏನಾದರೊಂದು ಬರೆದು ಕೊಡಬೇಕು ಅಂತ ಆಡಳಿತ ಮಂಡಳಿ ಸಭೆಯೊಳಗ ಠರಾವು ಆಯಿತು. ಕೈ ಎತ್ತಿದವರೊಳಗ ನಾನೂ ಒಬ್ಬ. ಎತ್ತಿದ ಮೇಲೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಸಂಘದ ಶೇರು ಎಷ್ಟು, ಠೇವಣಿ ಎಷ್ಟು, ಗೋದಾಮು ಹೇಗೆ ಕಟ್ಟಿದೆವು ಎಂಬುದನ್ನೆಲ್ಲ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಅಂಕಿ ಸಂಖ್ಯೆ ಸಮೇತ ಬರೆದೇ ಇರುತ್ತಾರೆ. ಆದ್ದರಿಂದ ನಾನು ಬೇರೆ ಇತಿಹಾಸ ಬರೆಯುತ್ತೇನೆ. ನಮ್ಮ ಸಂಶಿಯಂಥ ಊರಿನ ಮನೆಗಳೊಳಗ ಇದ್ದ ಸಾಮಾನು, ಅಂಗಳದಾಗ ನಿಂತಿದ್ದ ಗಾಡಿ, ಇವುಗಳ ಇತಿಹಾಸ. ರಾಜ ಮಹಾರಾಜರ ಇತಿಹಾಸ ಪುಸ್ತಕದೊಳಗ ಇರುತ್ತದೆ. ನಮ್ಮ ಹೊರಸಿನ ಇತಿಹಾಸವನ್ನು ನಾವೇ ಬರೆದುಕೊಳ್ಳಬೇಕು.

ಇದು ತಲೆಗೆ ಬಂದದ್ದಕ್ಕೆ ಕಾರಣವಿದೆ. ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಮನಿಯ ಮಾಳಿಗೆ ಬಿಚ್ಚಿದೆವು. ಗುಜರಿಯವನು ಬಂದು ತಕ್ಕಡಿ ಇಟ್ಟುಕೊಂಡು ಕುಂತ. ಚಕ್ಕಡಿ ಗಾಲಿಯ ಹಳಿ ಕಬ್ಬಿಣದ ಲೆಕ್ಕಕ್ಕೆ, ತಾಮ್ರದ ಹಂಡೆ ತಾಮ್ರದ ಲೆಕ್ಕಕ್ಕೆ, ಉಳಿದ ಕಟ್ಟಿಗೆ ಒಲಿಗೆ. ಅವ್ವ ಒಂದು ಮಾತು ಅಂದಳು: "ಎಲ್ಲಾದಕ್ಕೂ ತೂಕ ಮಾಡಿದಿ, ಇದರಾಗ ಬೆಳೆದ ಮಕ್ಕಳ ತೂಕ ಎಷ್ಟಾತಪಾ?" ಗುಜರಿಯವನು ನಕ್ಕ. ನನಗೆ ನಗು ಬರಲಿಲ್ಲ. ಅಂದು ರಾತ್ರಿಯೇ ಈ ಲೇಖನ ಬರೆಯಲು ಕುಂತೆ.

ಮೊದಲು ಮನೆಯ ಮಾತು. ನಮ್ಮ ಭಾಗದ ಒಕ್ಕಲಿಗರ ಮನೆ ಹೇಗಿತ್ತು ಎಂಬುದನ್ನು ಈಗಿನ ಹುಡುಗರಿಗೆ ಹೇಳಬೇಕು. ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಗ್ವಾದಲಿ. ಅದಕ್ಕಿಂತ ಎರಡು ಮೆಟ್ಟಿಲು ಎತ್ತರಕ್ಕೆ ಪಡಸಾಲಿ. ಅದರ ಒಳಗೆ ಅಡಗಿ ಮನಿ, ದೇವರ ಮನಿ. ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮನುಷ್ಯರು ಮತ್ತು ಎತ್ತುಗಳು ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದವು. ರಾತ್ರಿ ಎತ್ತಿನ ಕೊರಳ ಗೆಜ್ಜೆ ಸಪ್ಪಳ ಕೇಳಿದರೇನೇ ಅಜ್ಜನಿಗೆ ನಿದ್ದೆ.

ಇಂಥ ಮನೆಯೊಳಗ 'ಫರ್ನಿಚರ್' ಎಂಬ ಶಬ್ದವೇ ಇರಲಿಲ್ಲ. ಇದ್ದದ್ದು ಸಾಮಾನು. ಗೋಡೆಯೊಳಗಿನ ಮಾಡವೇ ಕಪಾಟು, ಗೋಡೆಗೆ ಬಡಿದ ಗೂಟವೇ ಹ್ಯಾಂಗರು. ಹಾಲು ಮೊಸರು ಬೆಣ್ಣೆ ಬೆಕ್ಕಿಗೆ ಸಿಗದಂತೆ ತೂಗು ಹಾಕುವ ನೆಲುವೇ ಫ್ರಿಜ್ಜು. ಬೀಗರು ಬಂದರೆ ಪಡಸಾಲಿಯಲ್ಲಿ ಕಂಬಳಿ ಹಾಸುತ್ತಿದ್ದರು, ದೊಡ್ಡವರು ಬಂದರೆ ಜಮಖಾನೆ. ಅದೂ ನವಲಗುಂದದ ಜಮಖಾನೆ ಇದ್ದರೆ ಆ ಮನೆಗೆ ಒಂದು ತೂಕ. ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಂತು ನೇಯುವ ಈ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಮನೆಯಲ್ಲಿ ಒಂದಿತ್ತು. ಲಗ್ನದ ಮಾತುಕತಿಗೆ ಓಣಿಯವರೆಲ್ಲ ಅದನ್ನೇ ಒಯ್ಯುತ್ತಿದ್ದರು. ಅದರ ಮೇಲೆ ಎಷ್ಟು ಸಂಬಂಧ ಕೂಡಿದವೋ, ಎಷ್ಟು ಮುರಿದವೋ ದೇವರಿಗೇ ಗೊತ್ತು.

ಕುರ್ಚಿ ಮಾತ್ರ ಅಧಿಕಾರದ ವಸ್ತು. ಅಜ್ಜನ ಕಾಲಕ್ಕೆ ಸಾಲಿಯಲ್ಲಿ ಮಾಸ್ತರರಿಗೆ ಒಂದು, ಚಾವಡಿಯಲ್ಲಿ ಒಂದು, ದೊಡ್ಡ ಮನೆಗಳಲ್ಲಿ ಒಂದೆರಡು. ಬಡವರ ಮನಿಗೆ ಸಾಹೇಬರು ಯಾರಾದರೂ ಬಂದರೆ ಕುರ್ಚಿ ಕಡ ತರಬೇಕು. ಅವರು ಎದ್ದು ಹೋದ ಮೇಲೆ ಕುರ್ಚಿ ತಿರುಗಿ ಕೊಟ್ಟು ಬರಬೇಕು. ನಮ್ಮ ಸಂಘದ ಸಾಮಾನ್ಯ ಸಭೆಯೊಳಗ ಇಂದು ನೂರಾರು ಪ್ಲಾಸ್ಟಿಕ್ ಕುರ್ಚಿ ಹಾಕುತ್ತೇವೆ. ಯಾರು ಯಾವ ಕುರ್ಚಿಯ ಮೇಲೆ ಕುಂತರೂ ನಡೆಯುತ್ತದೆ. ಇದು ಸಣ್ಣ ಬದಲಾವಣೆ ಅಂತ ಯಾರೂ ತಿಳಿಯಬಾರದು. ಹಿಂದಿನ ದಿನ ಬಂದರೆ ಚೆನ್ನಾಗಿತ್ತು ಎನ್ನುವವರು ಆಗ ತಮ್ಮ ಅಜ್ಜ ನೆಲದ ಮೇಲೆ ಕುಂತಿದ್ದನೋ ಕುರ್ಚಿಯ ಮೇಲೋ ಎಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು.

ಹೊರಸಿನ ಮಾತಿಗೆ ಬರೋಣ. ನಾಲ್ಕು ಕಾಲು, ನಾಲ್ಕು ಪಟ್ಟಿ, ಪುಂಡಿ ನಾರಿನ ಹಗ್ಗದ ಹೆಣಿಗೆ. ಬಡಿಗ್ಯಾರು ಮಾಡಿ ಕೊಟ್ಟರೆ ಹೆಣೆಯುವುದು ಮನೆಯವರೇ. ವರ್ಷವಾದ ಮೇಲೆ ನಡುವೆ ಜೋತು ಬಿದ್ದು ತೊಟ್ಟಿಲಂತಾಗುತ್ತಿತ್ತು. ಕಾಲು ಹಾಕುವ ಕಡೆಯ ಹಗ್ಗ ಬಿಗಿದರೆ ಮತ್ತೆ ನೆಟ್ಟಗೆ. ತಿಗಣಿ ಆದರೆ ಬಿಸಿಲಿಗೆ ಹಾಕಿ ಕುದಿಯುವ ನೀರು ಸುರಿಯುವುದು. ಹೊರಸು ಹಗಲು ಹೊತ್ತಿನಲ್ಲಿ ಮೆಣಸಿನಕಾಯಿ ಒಣಗಿಸಲಿಕ್ಕೆ, ರಾತ್ರಿ ಅಜ್ಜನಿಗೆ, ಆಪತ್ತಿಗೆ ಬೇನೆಯವರನ್ನು ಹೊತ್ತು ಒಯ್ಯಲಿಕ್ಕೆ. ಎರಿ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಚಕ್ಕಡಿಯೂ ಹೋಗದಿದ್ದಾಗ ನಾಲ್ಕು ಮಂದಿ ಹೊರಸು ಹೊತ್ತು ರೈಲು ಸ್ಟೇಶನ್ನಿಗೆ ಹೋದದ್ದನ್ನು ಹಿರಿಯರು ಹೇಳುತ್ತಿದ್ದರು.

ತೊಟ್ಟಿಲು ಅಂದರೆ ನಮ್ಮ ಜಿಲ್ಲೆಯಲ್ಲಿ ಕಲಘಟಗಿ ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಯ ತುಂಬ ಕೃಷ್ಣನ ಬಾಲಲೀಲೆ, ರಾಮಾಯಣದ ಚಿತ್ರ. ಆ ಬಣ್ಣ ತಲೆಮಾರು ದಾಟಿದರೂ ಮಾಸುವುದಿಲ್ಲ. ಎಲ್ಲರಿಗೂ ಕೊಳ್ಳುವ ಶಕ್ತಿ ಎಲ್ಲಿರುತ್ತದೆ? ಅದಕ್ಕೇ ಒಂದು ತೊಟ್ಟಿಲು ಹತ್ತು ಮನಿ ತಿರುಗುತ್ತಿತ್ತು. ಖಾಲಿ ತೊಟ್ಟಿಲು ತೂಗಬಾರದು ಅಂತ ಹೆಣ್ಣುಮಕ್ಕಳು ಬೈಯುತ್ತಿದ್ದರು. ನಾನು ಮಲಗಿದ ತೊಟ್ಟಿಲಿನಲ್ಲೇ ನನ್ನ ಮಗಳೂ ಮಲಗಿದ್ದಾಳೆ. 2019ರಲ್ಲಿ ಚಿತ್ರನಟ ಯಶ್ ಅವರ ಮಗುವಿಗೆ ದಿವಂಗತ ಅಂಬರೀಶ್ ಅವರು ಮಾಡಿಸಿಟ್ಟಿದ್ದ ಕಲಘಟಗಿ ತೊಟ್ಟಿಲು ಹೋಯಿತು ಅಂತ ಟಿ.ವಿ.ಯಲ್ಲೆಲ್ಲ ಬಂದಾಗ ನಮ್ಮವ್ವ "ನಮ್ಮನ್ಯಾಗೂ ಅದ ಐತಲ್ಲ" ಅಂತ ಓಣಿ ತುಂಬ ಹೇಳಿಕೊಂಡು ಬಂದಳು.

ಈಗ ಹಗೇವು. ಕಾಳು ಇಡುವುದಕ್ಕೆ ಮನೆಯೊಳಗ ಬಿದಿರಿನ ಗಳಗಿ ಇದ್ದವು. ಸಗಣಿ ಮಣ್ಣು ಮೆತ್ತಿ ಒಣಗಿಸಿದ ದೊಡ್ಡ ಗಳಗಿ. ಆದರೆ ದೊಡ್ಡ ಉಗ್ರಾಣ ನೆಲದ ಒಳಗಿತ್ತು. ನೀರು ನಿಲ್ಲದ ಎತ್ತರದ ಜಾಗದಲ್ಲಿ ಬಾಯಿ ಸಣ್ಣ, ಹೊಟ್ಟೆ ದೊಡ್ಡದಾಗಿ ತೋಡಿದ ಗುಂಡಿಯೇ ಹಗೇವು. ಒಳಗೆ ಸುತ್ತಲೂ ಕಣಿಕಿ, ಹೊಟ್ಟು ಹಾಕಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಒಳಗೆ ಗಾಳಿ ಇಲ್ಲ, ಹುಳಕ್ಕೆ ಉಸಿರಿಲ್ಲ, ಕಾಳು ಎರಡು ಮೂರು ವರ್ಷ ಕೆಡುವುದಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಬಾಯಿ ತೆರೆದು ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಗಡಿಬಿಡಿ ಮಾಡಿ ಇಳಿದು ಜೀವ ಕಳಕೊಂಡವರು ನಮ್ಮ ನಾಡಿನೊಳಗ ಬಹಳ ಮಂದಿ. ಈಗಲೂ ಯಾರ ಹಿತ್ತಲದಲ್ಲಾದರೂ ಹಳೇ ಹಗೇವು ಇದ್ದರೆ ದಯವಿಟ್ಟು ಮಕ್ಕಳನ್ನು ಇಳಿಸಬೇಡಿರಿ.

1972ರ ಬರಗಾಲದ ಸುದ್ದಿ ಅಜ್ಜ ಹೇಳುತ್ತಿದ್ದ. ಮಳೆ ಕೈಕೊಟ್ಟ ವರ್ಷ ಹಗೇವಿನಲ್ಲಿ ಜೋಳ ಇದ್ದವರು ಇಲ್ಲದವರಿಗೆ ಕಾಳು ಕೊಟ್ಟರು. ಕೆಲವರು ಧರ್ಮಕ್ಕೆ ಕೊಟ್ಟರು, ಕೆಲವರು ಒಂದಕ್ಕೆ ಒಂದೂವರೆ ಲೆಕ್ಕದಿಂದ ಕೊಟ್ಟರು. ಸಾಲದ ಇತಿಹಾಸ ಎಲ್ಲಿಂದ ಸುರುವಾಗುತ್ತದೆ ಅಂತ ಕೇಳಿದರೆ ನಾನು ಹಗೇವಿನ ಬಾಯಿಂದ ಅಂತ ಹೇಳುತ್ತೇನೆ. ಬ್ಯಾಂಕು, ಸಂಘ, ಪಾಸ್‌ಬುಕ್ಕು ಎಲ್ಲ ಆಮೇಲೆ ಬಂದವು.

ಇನ್ನು ಚಕ್ಕಡಿ. ನಮ್ಮ ಕಡೆ ಒಕ್ಕಲಿಗನ ಕಾರು, ಲಾರಿ, ಅಂಬುಲೆನ್ಸು ಎಲ್ಲವೂ ಅದೇ. ಬಡಿಗ್ಯಾರು ಜಾಲಿ ಕಟ್ಟಿಗೆಯಿಂದ ಗಾಲಿ ಮಾಡಿದರೆ ಕಮ್ಮಾರರು ಹಳಿ ಕೂಡಿಸುತ್ತಿದ್ದರು. ಹಳಿ ಕೂಡಿಸುವುದು ಊರಿಗೇ ಒಂದು ನೋಡುವ ಕೆಲಸ. ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಬಳೆ ಕೆಂಪಗೆ ಕಾಯಿಸಿ, ನಾಲ್ಕಾರು ಮಂದಿ ಇಕ್ಕಳದಿಂದ ಎತ್ತಿ, ಗಾಲಿಯ ಮೇಲೆ ಇಟ್ಟು ಬಡಿದು, ಕೂಡಲೇ ನೀರು ಹೊಡೆಯಬೇಕು. ಕಾದಾಗ ಹಿಗ್ಗಿದ ಕಬ್ಬಿಣ ತಣ್ಣಗಾಗುತ್ತ ಕುಗ್ಗಿ ಕಟ್ಟಿಗೆಯನ್ನು ಅಪ್ಪಿಕೊಳ್ಳುತ್ತದೆ. ಸಾಲಿಯಲ್ಲಿ ವಿಜ್ಞಾನದ ಮಾಸ್ತರರು ಕಾದರೆ ಲೋಹ ಹಿಗ್ಗುತ್ತದೆ ಅಂತ ಹೇಳಿದಾಗ ನಮಗ್ಯಾರಿಗೂ ಹೊಸದೆನಿಸಲಿಲ್ಲ. ಈ ಕೆಲಸಕ್ಕೆಲ್ಲ ರೊಕ್ಕ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಆಯ ಕೊಡುವುದು, ಅಂದರೆ ವರ್ಷದ ಕಾಳು.

ಅದೇ ಚಕ್ಕಡಿಗೆ ಬಿದಿರಿನ ಕಮಾನು ಕಟ್ಟಿ ಮೇಲೆ ಹೊದಿಕೆ ಹಾಕಿದರೆ ಸವಾರಿ ಬಂಡಿ. ಒಳಗೆ ಕಣಿಕಿ ಹಾಸಿ, ಅದರ ಮೇಲೆ ಕೌದಿ. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ, ಶಿಶುವಿನಾಳ ಶರೀಫಜ್ಜನ ಜಾತ್ರಿಗೆ, ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ. ಗುಡ್ಡಕ್ಕೆ ಹೋಗುವುದೆಂದರೆ ದಿನಗಟ್ಟಲೆ ಪ್ರಯಾಣ. ದಾರಿಯಲ್ಲಿ ಹಳ್ಳದ ದಂಡಿಗೆ ಬಂಡಿ ಬಿಟ್ಟು ಅಡಗಿ ಮಾಡಿ ಉಂಡು ಮಲಗುವುದು. ಸಾಲಾಗಿ ಹೋಗುವ ಬಂಡಿಗಳ ಗೆಜ್ಜೆ ಸಪ್ಪಳ ಕೇಳುತ್ತ ಮಲಗಿದರೆ ಎತ್ತು ತಾವೇ ದಾರಿ ಹಿಡಿದು ಹೋಗುತ್ತಿದ್ದವು. ಈಗ ಟ್ರ್ಯಾಕ್ಟರಿನಲ್ಲಿ ಹೋದರೆ ಬೆಳಿಗ್ಗೆ ಹೋಗಿ ಸಂಜಿಗೆ ತಿರುಗಿ ಬರಬಹುದು. ಟ್ರ್ಯಾಕ್ಟರು ಓಡಿಸುವವನು ಮಾತ್ರ ಮಲಗಲು ಬರುವುದಿಲ್ಲ.

ಸಂಶಿಗೆ ಒಂದು ಅನುಕೂಲ ಮೊದಲಿನಿಂದ ಇತ್ತು. ಅದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಹುಬ್ಬಳ್ಳಿಯಿಂದ ಹರಿಹರದ ಕಡೆ ಹಳಿ ಹಾಕಿದರು. ಕುಂದಗೋಳ, ಸಂಶಿ, ಗುಡಗೇರಿ ಸ್ಟೇಶನ್ನು ಆ ಹಾದಿಯ ಮೇಲಿವೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಬಂದು ಹೋಗುತ್ತಿದ್ದದ್ದು ಇದೇ ರೈಲಿನಲ್ಲಿ. ನಮ್ಮ ಅಜ್ಜನಂಥವರು ಹತ್ತಿ ಅಂಡಿಗೆ ಚಕ್ಕಡಿಯಲ್ಲಿ ಹೇರಿಕೊಂಡು ಹುಬ್ಬಳ್ಳಿ ಪ್ಯಾಟಿಗೆ ಹೋಗುವಾಗ ಹಳಿಯ ಪಕ್ಕದಲ್ಲೇ ರೈಲು ದಾಟಿ ಹೋಗುತ್ತಿತ್ತು. "ಅದು ಮುಂದ ಹೋದರೂ ನಿಂದರೂದು ಸ್ಟೇಶನ್ನಿನ್ಯಾಗ ಅಷ್ಟ, ನನ್ನ ಚಕ್ಕಡಿ ಅಡತಿ ಅಂಗಡಿ ಬಾಗಲಕ್ಕ ನಿಂದರತೈತಿ" ಅಂತ ಅಜ್ಜನ ಅಭಿಮಾನ. ಮೀಟರ್ ಗೇಜಿನ ಆ ಸಣ್ಣ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು.

ಮನೆಯ ಸಾಮಾನು ಬದಲಾಗಲು ಸುರುವಾದದ್ದು ಯಾವಾಗ? ನನ್ನ ಲೆಕ್ಕದಲ್ಲಿ 1972ರ ನಂತರ. ಆ ವರ್ಷ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕತಾರ್ಕಿ ಅವರು 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿ ತಂದರು. ಮುಂದೆ 1981ರಲ್ಲಿ ಅವರದೇ ಡಿ.ಸಿ.ಎಚ್. 32, ನಾವು ಜಯಲಕ್ಷ್ಮಿ ಅನ್ನುವ ತಳಿ ಬಂತು. ಜಯಧರ ಹತ್ತಿ ಬಿತ್ತುತ್ತಿದ್ದ ಎರಿ ಹೊಲದೊಳಗ ಉದ್ದ ಎಳೆಯ ಹತ್ತಿ ಬಂದಾಗ ರೊಕ್ಕದ ಮುಖ ಕಂಡೆವು. ರೊಕ್ಕ ಬಂದ ದಾರಿಯಲ್ಲೇ ಸಾಮಾನೂ ಬಂದವು. ಮೊದಲು ಸೈಕಲ್ಲು, ಆಮೇಲೆ ರೇಡಿಯೋ, ಆಮೇಲೆ ಗೋಡೆ ಗಡಿಯಾರ. ಲಗ್ನದ ಬಳುವಳಿಯೊಳಗ ಹಿತ್ತಾಳಿ ಕೊಡದ ಜೋಡಿ ಕಬ್ಬಿಣದ ತಿಜೋರಿ ಬಂತು. ಗೋದ್ರೇಜ್ ಕಂಪನಿಯವರು ಮುಂಬಯಿಯಲ್ಲಿ 1923ರಲ್ಲೇ ಉಕ್ಕಿನ ಕಪಾಟು ಮಾಡಲು ಹಿಡಿದಿದ್ದರಂತೆ. ನಮ್ಮ ಓಣಿಗೆ ಅಂಥದ್ದು ಬರಲು ಅರವತ್ತು ವರ್ಷ ಬೇಕಾಯಿತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಸುರುವಾದಾಗ ಓಣಿಗೊಂದು ಟಿ.ವಿ. ರವಿವಾರ ಮುಂಜಾನೆ ಆ ಮನೆಯ ಪಡಸಾಲಿ ಗುಡಿಯಂತಾಗುತ್ತಿತ್ತು. ಟಿ.ವಿ. ಇಡಲು ಟೇಬಲ್ಲು ಬೇಕಾಯಿತು. ಟೇಬಲ್ಲು ಬಂದ ಮೇಲೆ ಕುರ್ಚಿ ಬೇಕಾಯಿತು. ಕುರ್ಚಿ ಬಂದ ಮೇಲೆ ಎತ್ತಿನ ಗಂಜಳದ ವಾಸನಿ ಬರುತ್ತದೆ ಅಂತ ಗ್ವಾದಲಿ ಹಿತ್ತಲಕ್ಕೆ ಹೋಯಿತು.

ಇಲ್ಲಿಗೆ ನಮ್ಮಪ್ಪನ ಕಾರಿನ ಕತೆ ಬರುತ್ತದೆ. ಇದನ್ನು ಬರೆಯಬೇಕೋ ಬೇಡವೋ ಅಂತ ಅಪ್ಪನನ್ನೇ ಕೇಳಿದೆ. "ಬರಿ. ಯಾರಿಗಾದರೂ ಶಾಣ್ಯಾತನ ಬಂದರ ಬರಲಿ" ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಾಲಕ್ಕೆ ದೇಶದೊಳಗ ಕಾರು ಅಂದರೆ ಎರಡೇ. ಒಂದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನ ಮೇಲೆ ಹಿಂದುಸ್ತಾನ್ ಮೋಟರ್ಸ್‌ನವರು ಬಂಗಾಲದ ಉತ್ತರಪಾಡಾದಲ್ಲಿ ಮಾಡುತ್ತಿದ್ದದ್ದು. 1957ಕ್ಕೆ ಸುರುವಾಗಿ 2014ಕ್ಕೆ ನಿಂತಿತು. ಇನ್ನೊಂದು ಇಟಲಿಯ ಫಿಯೆಟ್ ಮಾದರಿಯದು. ಮುಂಬಯಿಯ ಪ್ರೀಮಿಯರ್ ಕಂಪನಿಯವರು ಮಾಡುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ 'ಪದ್ಮಿನಿ' ಅಂತ ಹೆಸರಿಟ್ಟರೂ ನಮ್ಮ ಮಂದಿ ಫಿಯೆಟ್ಟೇ ಅಂದರು. ಹೊಸ ಕಾರು ಬೇಕಾದರೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರದಲ್ಲಿ ಮಾರುತಿ 800 ಬಂದ ಮೇಲೆ ಪಟ್ಟಣದವರು ಹಳೇ ಫಿಯೆಟ್ಟು, ಅಂಬಾಸಿಡರ್ ಮಾರಲು ಹಿಡಿದರು. ಅವು ಹುಬ್ಬಳ್ಳಿಯ ಗ್ಯಾರೇಜುಗಳಿಗೆ ಬಂದು, ಅಲ್ಲಿಂದ ಹಳ್ಳಿಗಳಿಗೆ ಬಂದವು. ಪಟ್ಟಣದವರ ಬಯಕೆ ತೀರಿದ ಮೇಲೆ ನಮ್ಮ ಬಯಕೆ ಸುರುವಾಯಿತು.

1992ರಲ್ಲಿ ನಮಗೆ ಹತ್ತಿ ಚಲೋ ಬಂತು. ಅಪ್ಪ ಹುಬ್ಬಳ್ಳಿಗೆ ಹತ್ತಿ ಮಾರಲು ಹೋದವನು ಎರಡು ದಿನ ಬಿಟ್ಟು ಬಿಳೇ ಫಿಯೆಟ್ ಕಾರಿನಲ್ಲಿ ಬಂದ. ಬೆಲೆ ಮೂವತ್ತೈದು ಸಾವಿರ. ಹತ್ತಿಯ ರೊಕ್ಕದೊಳಗ ಕೈಯಲ್ಲಿ ಉಳಿದದ್ದು ಆರು ಸಾವಿರ. ಮಾತು ಕೊಟ್ಟು ಬಂದಿದ್ದ. ಮರುದಿನ ಜೋಡೆತ್ತು ಓಣಿಯ ಒಬ್ಬರಿಗೇ ಒಂಬತ್ತು ಸಾವಿರಕ್ಕೆ ಮಾರಿದ. ಉಳಿದ ಇಪ್ಪತ್ತು ಸಾವಿರ ಸಾವುಕಾರರ ಹತ್ತಿರ ನೂರಕ್ಕೆ ಮೂರರಂತೆ ಬಡ್ಡಿಗೆ. ತಿಂಗಳಿಗೆ ಮೂರು. ಅಂದರೆ ತಿಂಗಳಿಗೆ ಆರು ನೂರು, ವರ್ಷಕ್ಕೆ ಏಳು ಸಾವಿರದ ಎರಡು ನೂರು ಬರೀ ಬಡ್ಡಿ.

ನಾನು ಆಗ ಏಳನೆತ್ತ. ನಮಗೆ ಲೆಕ್ಕ ಎಲ್ಲಿ ತಿಳಿಯಬೇಕು? ಗೇರು ಸ್ಟೇರಿಂಗಿನ ಕೆಳಗೆ ಇತ್ತು. ಚೋಕ್ ಎಳೆದು ಚಾವಿ ತಿರುವಿದರೆ ಒಮ್ಮೊಮ್ಮೆ ಚಾಲೂ ಆಗುತ್ತಿತ್ತು. ಇಲ್ಲದಿದ್ದರೆ ಓಣಿಯ ಹುಡುಗರೆಲ್ಲ ಕೂಡಿ ದಬ್ಬುವುದು. ದಬ್ಬಿದವರಿಗೆ ಅಗಸಿ ತನಕ ಒಂದು ಸುತ್ತು. ಐದು ಮಂದಿಯ ಕಾರಿನಲ್ಲಿ ಹನ್ನೊಂದು ಮಂದಿ ಕುಂತು ಲಕ್ಷ್ಮೇಶ್ವರಕ್ಕೆ ಲಗ್ನಕ್ಕೆ ಹೋಗಿದ್ದೇವೆ. ಅವ್ವ ಮೊದಲ ದಿನ ಬಾನೆಟ್ಟಿಗೆ ಕುಂಕುಮ ಹಚ್ಚಿ, ಎತ್ತಿಗೆ ಕಟ್ಟುವ ಗೆಜ್ಜೆ ಸರ ಕನ್ನಡಿಗೆ ಕಟ್ಟಿದಳು. ಅಜ್ಜ ಮಾತ್ರ ಕಾರು ಹತ್ತಲಿಲ್ಲ. "ಇದಕ್ಕ ಸಗಣಿ ಬರತೈತೇನು?" ಅಂತ ಒಂದೇ ಮಾತು ಕೇಳಿದ.

ಆ ಮಾತು ತಮಾಷೆಯದಲ್ಲ ಅಂತ ಮರುವರ್ಷ ತಿಳಿಯಿತು. ಎತ್ತು ಇಲ್ಲದ್ದರಿಂದ ಬಿತ್ತಿಗೆಗೆ ಮಂದಿಯ ಎತ್ತು ಬಾಡಿಗೆಗೆ ಕಾಯಬೇಕಾಯಿತು. ಅವರ ಹೊಲ ಮುಗಿದ ಮೇಲೆ ನಮ್ಮ ಪಾಳಿ. ಎರಿ ಭೂಮಿಯ ಹದ ಯಾರಿಗೂ ಕಾಯುವುದಿಲ್ಲ. ಹದ ತಪ್ಪಿ ಬಿತ್ತಿದ ಬೆಳೆ ಅರ್ಧಕ್ಕೆ ನಿಂತಿತು. ತಿಪ್ಪೆಯಲ್ಲಿ ಗೊಬ್ಬರ ಇಲ್ಲ. ಅದರ ಮುಂದಿನ ವರ್ಷ ಹತ್ತಿಗೆ ಕಾಯಿಕೊರಕ ಹುಳ ಬಿತ್ತು, ಎಣ್ಣೆ ಹೊಡೆದ ಖರ್ಚೂ ಬರಲಿಲ್ಲ. ಪೆಟ್ರೋಲು, ಟಾಯರು, ಗ್ಯಾರೇಜು ಬೇರೆ. ಮೂರು ವರ್ಷದ ಬಡ್ಡಿ ಇಪ್ಪತ್ತೊಂದು ಸಾವಿರದ ಆರು ನೂರು. ಅಸಲಿಗಿಂತ ಹೆಚ್ಚು. ಸಾವುಕಾರರು ಕೆಟ್ಟವರು ಅಂತ ಬರೆಯುವುದಿಲ್ಲ. ಅವರು ಕರೆದು ಕೊಟ್ಟಿರಲಿಲ್ಲ, ನಾವೇ ಹೋಗಿ ಕೇಳಿದ್ದೆವು. ಕೊನೆಗೆ ಎರಡು ಎಕರೆ ಹೊಲ ಒತ್ತಿ ಹಾಕಬೇಕಾಯಿತು.

ಒಂದು ಸಂಜೆ ಮರೆಯಲಾಗದು. ದೊಡ್ಡ ಮಳೆ. ಕಾರು ಹೊಲದ ದಾರಿಯಲ್ಲಿ ಎರಿ ಮಣ್ಣಿಗೆ ಸಿಕ್ಕು ಗಾಲಿ ತಿರುಗದಂತಾಯಿತು. ಅಪ್ಪ ಎತ್ತು ತರಿಸಿದ. ಬಂದವು ನಾವು ಮಾರಿದ ಎತ್ತುಗಳೇ. ಕಾರಿನ ಮುಂದೆ ಹಗ್ಗ ಕಟ್ಟಿ ಎಳೆದು ಮನಿ ಬಾಗಿಲ ತನಕ ತಂದವು. ಹಗ್ಗ ಬಿಚ್ಚಿದ ಕೂಡಲೇ ಎರಡೂ ಎತ್ತು ತಿರುಗಿ ನಮ್ಮ ತಲೆಬಾಗಿಲಿನೊಳಗೆ ಹೋಗಿ ಹಳೇ ಗ್ವಾದಲಿ ಮುಂದೆ ನಿಂತುಬಿಟ್ಟವು. ಗ್ವಾದಲಿ ಖಾಲಿ ಇತ್ತು. ಅಜ್ಜ ಎದ್ದು ಬಂದು ಎರಡರ ಮೈ ಸವರಿ, ಒಂದು ಪುಟ್ಟಿ ಹೊಟ್ಟು ಹಾಕಿದ. ತಿಂದ ಮೇಲೆ ತಾನೇ ಕಣ್ಣಿ ಹಿಡಿದು ಅವರ ಮನಿಗೆ ಬಿಟ್ಟು ಬಂದ. ಅಪ್ಪನಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚಲೋ ಇತ್ತು ಅಂತ ಅಪ್ಪ ಈಗಲೂ ಅನ್ನುತ್ತಾನೆ.

ಆದರೆ ಇತಿಹಾಸ ಬರೆಯುವವನು ಒಂದೇ ಬದಿ ಬರೆಯಬಾರದು. ಅದೇ ಕಾರು 1994ರ ಮಳೆಗಾಲದಲ್ಲಿ ಒಂದು ನಡುರಾತ್ರಿ ಬಾಜೂ ಮನೆಯ ಬಸುರಿ ಹೆಣ್ಣುಮಗಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸಿತು. ಚಕ್ಕಡಿಯಲ್ಲಾದರೆ ಮುಟ್ಟುತ್ತಿರಲಿಲ್ಲ ಅಂತ ಡಾಕ್ಟರರು ಅಂದರಂತೆ. ಅಂದು ಹುಟ್ಟಿದ ಹುಡುಗಿ ಈಗ ಗೃಹಿಣಿ, ನಮ್ಮ ಸಂಘದ ಸದಸ್ಯೆ. ಅಪ್ಪ ಆ ಮನೆಯವರಿಂದ ಪೆಟ್ರೋಲಿನ ರೊಕ್ಕ ತಗೊಳ್ಳಲಿಲ್ಲ. ಆದ್ದರಿಂದ ಕಾರು ಕೆಟ್ಟದ್ದು, ಚಕ್ಕಡಿ ಒಳ್ಳೇದು ಅಂತ ನಾನು ಹೇಳಲಾರೆ. ಕೆಟ್ಟದ್ದು ನೂರಕ್ಕೆ ಮೂರು ಬಡ್ಡಿ, ದುಡಿಯುವ ಎತ್ತು ಮಾರಿ ನಿಲ್ಲುವ ಸಾಮಾನು ತಂದ ಲೆಕ್ಕ.

1995ಕ್ಕೆ ಕಾರು ನಿಂತಿತು. ಬೇವಿನ ಗಿಡದ ಕೆಳಗೆ ನಾಲ್ಕು ವರ್ಷ ನಿಂತಿತ್ತು. ಕೋಳಿ ತತ್ತಿ ಇಟ್ಟವು. ನಾವು ಒಳಗೆ ಕುಂತು ಪರೀಕ್ಷೆಗೆ ಓದಿದೆವು. 1999ರಲ್ಲಿ ಗುಜರಿಗೆ ಹೋಯಿತು. ಅಪ್ಪ ಹಿಂದಿನ ಸೀಟು ಮಾತ್ರ ಬಿಚ್ಚಿಟ್ಟುಕೊಂಡ, ಕಟ್ಟಿಯ ಮೇಲೆ ಹಾಕಿದ.

ಮುಂದಿನದು ನಮ್ಮ ಸಂಘದ ಹಳೇ ಸದಸ್ಯರಿಗೆ ಗೊತ್ತಿದೆ. ಸಂಘ ಸುರುವಾದಾಗ ಬಾಡಿಗೆಯ ಒಂದೇ ಖೋಲಿ. ಒಂದು ಟೇಬಲ್ಲು ಒಬ್ಬರ ಮನೆಯದು, ಎರಡು ಕುರ್ಚಿ ಮತ್ತೊಬ್ಬರ ಮನೆಯವು. ಸದಸ್ಯರು ಕುಂಡರಲು ಜಾಗ ಇಲ್ಲ ಅಂದಾಗ ಅಪ್ಪ ಆ ಫಿಯೆಟ್ ಸೀಟು ತಂದು ವರಾಂಡದಲ್ಲಿ ಇಟ್ಟ. ಸ್ಪ್ರಿಂಗು ಹೊರಗೆ ಬರುವ ತನಕ, ಏಳೆಂಟು ವರ್ಷ, ಅದರ ಮೇಲೆ ಕುಂತೇ ಎಷ್ಟೋ ಮಂದಿ ಸಾಲದ ಅರ್ಜಿಗೆ ಸಹಿ, ಹೆಬ್ಬೆಟ್ಟು ಹಾಕಿದರು. "ನನಗ ಮುಳುಗಿಸಿದ ಸೀಟು, ನಿಮಗಾದರೂ ದಂಡಿ ಮುಟ್ಟಿಸಲಿ" ಅಂತ ಅಪ್ಪ ನಗುತ್ತಿದ್ದ. ಸಂಘದ ಬೆಳೆ ಸಾಲ ಸಿಗಲು ಹಿಡಿದ ಮೇಲೆ ನಾವು ಮತ್ತೆ ಸಾವುಕಾರರ ಬಾಗಿಲಿಗೆ ಹೋಗಲಿಲ್ಲ. ಮೆಣಸಿನಕಾಯಿ ರೊಕ್ಕದಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ 2008ರಲ್ಲಿ ಒತ್ತಿ ಬಿಡಿಸಿದೆವು. ಮೂವತ್ತೈದು ಸಾವಿರದ ಕಾರಿನ ಲೆಕ್ಕ ಮುಗಿಯಲು ಹದಿನಾರು ವರ್ಷ ಹಿಡಿಯಿತು.

ಸಹಕಾರದ ಇತಿಹಾಸವೂ ಇಂಥ ಬಾಧೆಯಿಂದಲೇ ಹುಟ್ಟಿದ್ದು. ಜರ್ಮನಿಯಲ್ಲಿ ರೈಫೈಸನ್ ಎಂಬವರು ಬಡ್ಡಿಯಲ್ಲಿ ಬಿದ್ದ ರೈತರನ್ನು ಎತ್ತಲು ಹಳ್ಳಿ ಸಂಘ ಕಟ್ಟಿದರು. ಅದನ್ನು ನೋಡಿ ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಕಾಯದೆ ಬಂತು. ಮರುವರ್ಷ, 1905ರಲ್ಲಿ, ನಮ್ಮದೇ ಹಳೇ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. 1997ರಲ್ಲಿ ಗದಗ ಬೇರೆ ಜಿಲ್ಲೆ ಆಗಿರಬಹುದು. ಆದರೆ ಸಹಕಾರದ ತೊಟ್ಟಿಲು ನಮ್ಮ ಮಣ್ಣಿನಲ್ಲೇ ತೂಗಿದ್ದು ಎಂಬ ಅಭಿಮಾನ ನಮಗೆ ಇರಬೇಕು.

ಈಗಿನ ಮಾತು. 2023ರಲ್ಲಿ ರಾಜ್ಯ ಸರಕಾರ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಗಡುವಿನೊಳಗ ಕಟ್ಟಿದವರಿಗೆ ಮಾತ್ರ ಅದು ಶೂನ್ಯ. ನಿರ್ದೇಶಕನಾಗಿ ನನ್ನ ಕಣ್ಣಿಗೆ ಬೀಳುವುದೇನೆಂದರೆ, ಬೀಜ ಗೊಬ್ಬರಕ್ಕೆ ಅಂತ ಎತ್ತಿದ ಸಾಲ ಒಮ್ಮೊಮ್ಮೆ ಲಗ್ನದ ಸೋಫಾ ಸೆಟ್ಟು, ಮಗನ ಮೋಟಾರ್ ಸೈಕಲ್ಲು, ಹಳೇ ಕಾರಿನ ಮುಂಗಡ ಆಗುತ್ತದೆ. ಕೊಳ್ಳಬೇಡಿರಿ ಅಂತ ಹೇಳುವ ಹಕ್ಕು ನನಗಿಲ್ಲ. ನಮ್ಮ ಅಂಗಳದಲ್ಲೂ ಈಗ ಮೋಟಾರ್ ಸೈಕಲ್ಲು ಇದೆ. ಕೊಳ್ಳುವ ಮೊದಲು ಅಜ್ಜನ ಪ್ರಶ್ನೆ ಒಮ್ಮೆ ಕೇಳಿಕೊಳ್ಳಿರಿ: ಇದಕ್ಕ ಸಗಣಿ ಬರತೈತೇನು? ಅಂದರೆ, ಇದು ತಿನ್ನುವುದಷ್ಟೇನೋ, ತಿರುಗಿ ಹೊಲಕ್ಕೆ ಏನಾದರೂ ಕೊಡುತ್ತದೆಯೋ?

ಕೊನೆಗೆ ಒಂದು ಸೂಚನೆ. ಪಟ್ಟಣದಿಂದ ಜನ ಬಂದು ಹಳೇ ತೊಟ್ಟಿಲು, ಬಾಗಿಲ ಚೌಕಟ್ಟು, ಹಿತ್ತಾಳಿ ಹಂಡೆ ಕೊಂಡು ಒಯ್ದು ಹೋಟೆಲ್ಲುಗಳಲ್ಲಿ ಚಂದಕ್ಕೆ ಇಡುತ್ತಿದ್ದಾರೆ. ನಮ್ಮ ಸಾಮಾನು ನೋಡಲು ನಮ್ಮ ಮಕ್ಕಳು ಟಿಕೇಟು ತಗಿಸಿ ಹೋಗುವಂತಾಗಬಾರದು. ಸಂಘದ ಹಳೇ ಗೋದಾಮಿನಲ್ಲಿ ಒಂದು ಖೋಲಿ ಖಾಲಿ ಇದೆ. ಮನೆಯಲ್ಲಿ ಜಾಗ ಇಲ್ಲದವರು ಮಾರುವ ಬದಲು ಅಲ್ಲಿ ತಂದಿಡಲಿ, ಯಾರದು ಯಾವುದು ಅಂತ ಒಂದು ಪುಸ್ತಕದಲ್ಲಿ ಬರೆದಿಡೋಣ. ಸಾಲಿ ಮಕ್ಕಳು ಬಂದು ನೋಡಲಿ. ಮೊದಲ ಸಾಮಾನು ನಮ್ಮ ಮನಿಯದು: ಗುಜರಿಯವನ ತಕ್ಕಡಿಯಿಂದ ಅವ್ವ ತಿರುಗಿ ಇಳಿಸಿಕೊಂಡ ಒಂದು ಚಕ್ಕಡಿ ಗಾಲಿ. ಹಳಿ ಇನ್ನೂ ಬಿಗಿಯಾಗಿದೆ.

ಬರೆದದ್ದರಲ್ಲಿ ಹೆಚ್ಚು ಕಡಿಮೆ ಇದ್ದರೆ ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು. ಸಂಘ ಚಿನ್ನದ ಹಬ್ಬ ಕಾಣಲಿ.